ಬಿಡಿಎಲ್ ಅಂದ್ರೆ ಇಲ್ಲ ಅಂತಾನಾ, ಕಾಣ್ಲಿಲ್ಲ ಅಂತಾನಾ? ಮಂಡ್ಯ ಕಡೆಯ ಒಂದು ಸ್ಕೂಲಿನ ನೀರಿನ ನಲ್ಲಿ ಕೇಸು

ಸ್ಕೂಲು ಶುರುವಾಗಿ ಹದಿನೈದು ದಿನ ಆಗಿತ್ತೇನೋ, ಮಂಡ್ಯ ಹತ್ರದ ಒಂದು ಹಳ್ಳಿಯಿಂದ ಅಲ್ಲಿನ ಸ್ಕೂಲಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ನಮ್ಮ ಕಾಲೇಜಿನ ಲ್ಯಾಬಿಗೆ ಬಂದ್ರು. ಕೈಲಿ ಹಿಂದಿನ ವಾರ ನಾವೇ ಕೊಟ್ಟಿದ್ದ ನೀರಿನ ರಿಪೋರ್ಟು. ಕಬ್ಬಿನ ಗದ್ದೆಯಿಂದ ಸೀದಾ ಬಂದಿದ್ರು ಅನ್ಸುತ್ತೆ, ಪಂಚೆ ಎತ್ತಿ ಕಟ್ಟಿದ್ದು ಹಾಗೇ ಇತ್ತು. ಕೂತ್ಕೊಳ್ಳಿ ಅಂದ್ರೂ ಕೂರ್ಲಿಲ್ಲ. ಸೀಸ ಅನ್ನೋ ಸಾಲಿನ ಮೇಲೆ ಬೆರಳಿಟ್ಟು ಕೇಳಿದ್ರು, "ಸಾ, ಇಲ್ಲಿ ಬಿಡಿಎಲ್ ಅಂತ ಬರ್ದಿದೀರಲ್ಲ, ಅಂಗಂದ್ರೆ ಸೀಸ ಇಲ್ಲ ಅಂತಾನಾ, ಇಲ್ಲ ನಿಮ್ ಮಿಷಿನ್‌ಗೆ ಕಾಣ್ನಿಲ್ಲ ಅಂತಾನಾ?"

ನಾನು ಹನ್ನೊಂದು ವರ್ಷದಿಂದ ನೀರಿನ ರಿಪೋರ್ಟಿಗೆ ಸೈನ್ ಹಾಕ್ತಾ ಇದೀನಿ. ಈ ಪ್ರಶ್ನೇನ ಅಷ್ಟು ನೇರವಾಗಿ ಯಾರೂ ಕೇಳಿರ್ಲಿಲ್ಲ. ಬಿಡಿಎಲ್ ಅಂದ್ರೆ ಮಿಷಿನ್ ಹಿಡಿಯೋ ಮಟ್ಟಕ್ಕಿಂತ ಕಡಿಮೆ ಅಂತ. ಅಂದ್ರೆ ಅವರ ಎರಡನೇ ಮಾತೇ ಸರಿ. "ಕಾಣ್ಲಿಲ್ಲ ಅಂತ ಯಜಮಾನ್ರೇ" ಅಂದೆ. "ಅಂಗಾದ್ರೆ ಕಾಣೋ ಅಂಗೆ ಮಾಡಿ ಮತ್ತೆ" ಅಂದ್ಬಿಟ್ಟು ರಿಪೋರ್ಟ್ ಟೇಬಲ್ ಮೇಲೇ ಬಿಟ್ಟು ಹೋದ್ರು.

ಅವರಿಗೆ ಅನುಮಾನ ಯಾಕೆ ಬಂತು ಅಂದ್ರೆ, ಹಿಂದಿನ ವರ್ಷ ಊರಿನ ಹಳೇ ವಿದ್ಯಾರ್ಥಿಗಳೆಲ್ಲಾ ದುಡ್ಡು ಹಾಕಿ ಸ್ಕೂಲಿಗೆ ಹೊಸ ಪೈಪ್ ಲೈನು, ಸಿಂಟೆಕ್ಸು, ಸಾಲಾಗಿ ನಲ್ಲಿಗಳು, ಎಲ್ಲಾ ಹಾಕ್ಸಿದ್ರು. ಆಮೇಲೆ ಅಲ್ಲಿನ ಸೈನ್ಸ್ ಮೇಡಮ್ಮು ಪೇಪರ್‌ನಲ್ಲಿ ಪಿವಿಸಿ ಪೈಪಿಗೆ ಸೀಸ ಬೆರೆಸ್ತಾರೆ ಅನ್ನೋದನ್ನ ಓದಿದ್ದಾರೆ. ಅದು ಸುಳ್ಳೇನಲ್ಲ, ಪಿವಿಸಿ ಬಿಸಿಗೆ ಕೆಡದೇ ಇರ್ಲಿ ಅಂತ ಸೀಸದ ಸ್ಟೆಬಿಲೈಸರ್ ಹಾಕೋದು ಹಳೇ ಪದ್ಧತಿ, ಅದನ್ನ ನಿಲ್ಸೋಕೆ ಅಂತಾನೇ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದ್ದು. ಮೇಡಮ್ಮು ಅಧ್ಯಕ್ಷರಿಗೆ ಹೇಳಿದ್ದಾರೆ, ಅಧ್ಯಕ್ಷರು ನಮಗೆ ಒಂದು ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ನೀರು ತಂದ್ಕೊಟ್ಟಿದ್ರು, ನಾವು ಫ್ಲೇಮ್ ಎಎಎಸ್‌ನಲ್ಲಿ (ನೀರನ್ನ ಬೆಂಕಿ ಜ್ವಾಲೆಗೆ ಬಿಟ್ಟು, ಮೆಟಲ್ ಎಷ್ಟು ಬೆಳಕು ಹೀರುತ್ತೆ ಅಂತ ನೋಡಿ ಅಳೆಯೋ ಮಿಷಿನ್) ಓಡಿಸಿ ಬಿಡಿಎಲ್ ಅಂತ ಬರೆದು ಕೈ ತೊಳ್ಕೊಂಡಿದ್ವಿ.

ಲೆಕ್ಕ ನೋಡಿ. ಕುಡಿಯೋ ನೀರಿಗೆ ನಮ್ಮ ದೇಶದ ಸ್ಟ್ಯಾಂಡರ್ಡು ಐಎಸ್ 10500, 2012ರದ್ದು, ಅದರ ಪ್ರಕಾರ ಸೀಸ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು, ಅಂದ್ರೆ 10 ಮೈಕ್ರೋಗ್ರಾಂ. ನಮ್ಮ ಫ್ಲೇಮ್ ಎಎಎಸ್ ಧೈರ್ಯವಾಗಿ ಹೇಳೋಕಾಗೋದು 0.1 ಮಿಲಿಗ್ರಾಂನಿಂದ ಮೇಲೆ. ಅಂದ್ರೆ ನೀರಲ್ಲಿ ಮಿತಿಗಿಂತ ಒಂಬತ್ತು ಪಟ್ಟು ಸೀಸ ಇದ್ರೂ ನಾವು ಬಿಡಿಎಲ್ ಅಂತಾನೇ ಬರೀತೀವಿ, ಓದಿದವರು ಅಬ್ಬಾ ಏನೂ ಇಲ್ಲ ಅಂದ್ಕೊಂಡು ಫೈಲ್ ಮಾಡ್ತಾರೆ. ಇದನ್ನ ಬರೀಬೇಕಾದ್ರೂ ನಾಚಿಕೆ ಆಗುತ್ತೆ.

ಜ್ವಾಲೆ ಬದಲು ಗ್ರಾಫೈಟ್ ಫರ್ನೇಸ್ ಇರೋ, ಇನ್ನೂ ಸೂಕ್ಷ್ಮವಾದ ಮಿಷಿನ್ ಇದ್ರೆ ಈ ತಲೆನೋವು ಇರ್ತಿರ್ಲಿಲ್ಲ, ನಮ್ಮಲ್ಲಿ ಇಲ್ಲ. ಐಸಿಪಿ-ಎಂಎಸ್ ಅನ್ನೋ ಅದಕ್ಕಿಂತಲೂ ಸೂಕ್ಷ್ಮ ಮಿಷಿನ್ ಇರೋ ಬೆಂಗಳೂರಿನ ಲ್ಯಾಬಿಗೆ ಕಳಿಸ್ಬಹುದು, ಒಂದೋ ಎರಡೋ ಸ್ಯಾಂಪಲ್ ಆದ್ರೆ ಸರಿ, ಆದ್ರೆ ಇಂಥ ಕೇಸಲ್ಲಿ ಎಲ್ಲಿಂದ ಬರ್ತಿದೆ ಅಂತ ಹುಡುಕೋಕೆ ಹತ್ತಿಪ್ಪತ್ತು ಸ್ಯಾಂಪಲ್ ಬೇಕು, ಅಷ್ಟಕ್ಕೆ ದುಡ್ಡು ಕೊಡೋರು ಯಾರು. ಉಳಿದ ದಾರಿ ಒಂದೇ, ಒಂದು ಲೀಟರ್ ನೀರಲ್ಲಿರೋ ಸೀಸನೆಲ್ಲಾ ಹತ್ತು ಎಂಎಲ್‌ಗೆ ತುಂಬೋದು. ನೂರು ಪಟ್ಟು ಗಟ್ಟಿ ಆಯ್ತು ಅಂದ್ರೆ 10 ಮೈಕ್ರೋಗ್ರಾಂ ಇದ್ದದ್ದು 1 ಮಿಲಿಗ್ರಾಂ ಆಗುತ್ತೆ, ಅದನ್ನ ನಮ್ಮ ಹಳೇ ಮಿಷಿನ್ನೂ ಓದುತ್ತೆ.

ನಮ್ಮ ಎಂಎಸ್ಸಿ ಪ್ರಾಜೆಕ್ಟ್ ಹುಡುಗ ಪಾಂಡವಪುರದ ಕಡೆಯೋನು, ಅವರ ಮನೇದೇ ಆಲೆಮನೆ ಇದೆ, ಅವನು ಕೇಳಿದ, "ಸಾರ್, ಕಬ್ಬಿನ ಹಾಲು ಕಾಯ್ಸಿದಂಗೆ ನೀರನ್ನೇ ಕಾಯ್ಸಿ ಇಂಗಿಸ್ಬಿಟ್ರೆ?" ಒಳ್ಳೇ ಪ್ರಶ್ನೇನೇ. ಆದ್ರೆ ಆಲೆಮನೆ ಕೊಪ್ಪರಿಗೆಯಲ್ಲಿ ಬೆಲ್ಲ ಒಂದೇ ಉಳಿಯಲ್ಲ, ಹಾಲಲ್ಲಿ ಇದ್ದದ್ದೆಲ್ಲಾ ಉಳಿಯುತ್ತೆ, ಮಡ್ಡಿ ತೆಗೀಲೇಬೇಕು. ನಮ್ಮ ಕಡೆ ಬೋರ್ ನೀರು ನಿಮಗೆ ಗೊತ್ತಲ್ಲ, ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ಬಿಂದಿಗೆ ಒಳಗೆ ಬಿಳೀ ಪದರ. ಈ ಸ್ಕೂಲ್ ನೀರಿನ ಹಾರ್ಡ್‌ನೆಸ್ಸು, ಅಂದ್ರೆ ಗಡಸುತನ, ಲೀಟರಿಗೆ 500 ಮಿಲಿಗ್ರಾಂ ಹತ್ರ ಇತ್ತು. ಅದನ್ನ ಇಂಗಿಸಿದ್ರೆ ಸುಣ್ಣದ ಗಸಿ ಸಿಗುತ್ತೆ, ಸೀಸ ಅದರೊಳಗೆ ಎಲ್ಲೋ ಹೂತಿರುತ್ತೆ. ಬೇಕಾಗಿದ್ದು ಸೀಸನ ಮಾತ್ರ ಹಿಡ್ಕೊಂಡು ಉಳಿದದ್ದನ್ನ ಹೋಗೋಕೆ ಬಿಡೋ ಒಂದು ವಸ್ತು. ಅದಕ್ಕೆ ರೆಡಿಮೇಡ್ ರೆಸಿನ್ ಕಾಲಮ್‌ಗಳು, ಅಂದ್ರೆ ಮೆಟಲ್ ಹಿಡಿಯೋ ಮಣಿಗಳನ್ನ ತುಂಬಿದ, ನೀರು ಇಳಿಸೋ ಕೊಳವೆಗಳು ಸಿಗ್ತವೆ, ಒಂದೊಂದಕ್ಕೆ ಕೊಡೋ ದುಡ್ಡಲ್ಲಿ ಪ್ರಾಜೆಕ್ಟ್ ಹುಡುಗರ ಒಂದು ಸೆಮಿಸ್ಟರ್ ಕೆಮಿಕಲ್ ಖರ್ಚು ಕಳೆಯುತ್ತೆ. ಹಾಗಾಗಿ ಮಣ್ಣು ಕಲ್ಲಿನ ಕಡೆ ತಿರುಗಿದ್ವಿ, ಖನಿಜಗಳು ಮೆಟಲ್‌ಗಳನ್ನ ಹಿಡಿಯೋದು ಹೊಸ ಸಂಗತಿ ಏನಲ್ಲ.

ಮೊದಲು ಬೆಂಟೊನೈಟ್ ತಂದ್ವಿ. ಅರ್ಥಿಂಗ್ ಗುಂಡಿಗೆ ತುಂಬ್ತಾರಲ್ಲ ಆ ಪುಡಿ, ಎಲೆಕ್ಟ್ರಿಕಲ್ ಅಂಗಡೀಲೇ ಸಿಗುತ್ತೆ, ಗುಜರಾತಿನ ಕಛ್ ಕಡೆಯಿಂದ ಬರೋ ಜೇಡಿ. ಹಿಡಿಯೋ ಶಕ್ತಿ ಭರ್ಜರಿ, ನೂರು ಗ್ರಾಮಿಗೆ 80ರಿಂದ 120 ಮಿಲಿಈಕ್ವಿವಲೆಂಟ್ (ಎಷ್ಟು ಚಾರ್ಜು ಹಿಡಿಯುತ್ತೆ ಅನ್ನೋ ಅಳತೆ) ತನಕ. ಕಾಲಮ್‌ಗೆ ತುಂಬಿ ನೀರು ಹಾಕಿದ್ವಿ, ಹತ್ತು ನಿಮಿಷದಲ್ಲಿ ಊದ್ಕೊಂಡು ರಾಗಿ ಅಂಬಲಿ ಥರ ಆಯ್ತು, ಸಂಜೆ ತನಕ ಕಾದ್ರೂ ಕೆಳಗೆ ಒಂದು ಹನಿ ಬೀಳ್ಲಿಲ್ಲ. ಬೆಂಟೊನೈಟ್ ಕಥೆ ಅಷ್ಟೇ.

ಎರಡನೇದು ಜಿಯೊಲೈಟ್, ಅದರಲ್ಲಿ ಕ್ಲೈನಾಪ್ಟಿಲೊಲೈಟ್ ಅನ್ನೋ ಜಾತಿ. 1756ರಲ್ಲಿ ಸ್ವೀಡನ್‌ನ ಕ್ರೋನ್‌ಸ್ಟೆಡ್ ಅನ್ನೋನು ಒಂದು ಕಲ್ಲನ್ನ ಕಾಯಿಸಿದಾಗ ಅದು ನೊರೆ ಬಂದು ಕುದಿದಂಗೆ ಕಾಣ್ತಂತೆ, ಅದಕ್ಕೇ ಕುದಿಯೋ ಕಲ್ಲು ಅನ್ನೋ ಅರ್ಥದ ಈ ಹೆಸರಿಟ್ಟ. ಕುದಿಯೋದು ಕಲ್ಲಲ್ಲ, ಒಳಗಿನ ನೀರು. ಅಲ್ಯೂಮಿನಿಯಂ, ಸಿಲಿಕಾನ್, ಆಕ್ಸಿಜನ್ ಸೇರಿ ಜೇನುಗೂಡಿನ ಥರ ಸಂದುಗೊಂದಿ ಇರುತ್ತೆ, ಅಲ್ಯೂಮಿನಿಯಂ ಕೂತ ಜಾಗದಲ್ಲೆಲ್ಲಾ ಒಂದೊಂದು ಮೈನಸ್ ಚಾರ್ಜು ಉಳ್ಕೊಂಡು ಅದಕ್ಕೆ ಸೋಡಿಯಮ್ಮೋ ಕ್ಯಾಲ್ಸಿಯಮ್ಮೋ ಅಂಟ್ಕೊಂಡಿರುತ್ತೆ, ಸೀಸ ಬಂದ್ರೆ ಅವನ್ನ ಎಬ್ಬಿಸಿ ತಾನು ಕೂರುತ್ತೆ. ಫುಲ್ ಬಸ್ಸಲ್ಲಿ ಸೀಟಿಗೆ ಟವಲ್ ಹಾಕಿದಂಗೆ ಅಂದ್ಕೊಳ್ಳಿ. ಇದು ಸಿಕ್ಕಿದ್ದು ಮೈಸೂರಲ್ಲಿ ಮೀನು ಸಾಕೋರಿಗೆ ಸಾಮಾನು ಮಾರೋ ಅಂಗಡೀಲಿ, ಮೂಟೆ ಮೇಲೆ ದೊಡ್ಡದಾಗಿ "ಅಮೋನಿಯಾ ಹೀರುತ್ತದೆ" ಅಂತ ಬರೆದಿತ್ತು. ಈ ಮಾತನ್ನ ನೆನಪಿಟ್ಕೊಳ್ಳಿ, ನಾವು ಇಟ್ಕೊಳ್ಲಿಲ್ಲ.

ಸೆಟಪ್ಪು ಹೀಗಿತ್ತು. ಜಿಯೊಲೈಟನ್ನ ಕುಟ್ಟಿ, ಜರಡಿ ಹಿಡಿದು, ಸಣ್ಣ ರವೆಯಷ್ಟು ಸೈಜಿನದ್ದನ್ನ ಮಾತ್ರ ಇಟ್ಕೊಂಡ್ವಿ, ಹಿಟ್ಟಾದದ್ದನ್ನ ಬಿಸಾಕಿದ್ವಿ. ತೊಳೆದು, ಉಪ್ಪಿನ ನೀರಲ್ಲಿ ರಾತ್ರಿಯೆಲ್ಲಾ ನೆನೆಸಿದ್ವಿ, ಎಲ್ಲಾ ಸೀಟಲ್ಲೂ ಸೋಡಿಯಂ ಕೂರ್ಲಿ, ಅದು ಸುಲಭವಾಗಿ ಎದ್ದು ಜಾಗ ಬಿಡುತ್ತೆ ಅಂತ. 10 ಎಂಎಲ್ ಸಿರಿಂಜಿನ ಪಿಸ್ಟನ್ ತೆಗೆದು ಕೆಳಗೆ ಒಂದು ಚೂರು ಫೋಮ್ ತುರುಕಿ, ಅದರ ಮೇಲೆ ಮೂರು ಗ್ರಾಂ ಜಿಯೊಲೈಟ್. ಮೇಲೆ ಸ್ಟ್ಯಾಂಡಿಗೆ ಒಂದು ಲೀಟರ್ ಬಾಟಲಿ ತಲೆಕೆಳಗಾಗಿ, ಮಧ್ಯ ಆಸ್ಪತ್ರೇಲಿ ಗ್ಲೂಕೋಸ್ ಏರಿಸೋ ಡ್ರಿಪ್ ಸೆಟ್ಟು. ಪಂಪು ಗಿಂಪು ಏನಿಲ್ಲ, ಆ ಬಿಳೀ ಚಕ್ರ ತಿರುಗಿಸಿ ನಿಮಿಷಕ್ಕೆ 80 ಹನಿ ಇಟ್ರೆ 4 ಎಂಎಲ್ ಆಗುತ್ತೆ, ಒಂದು ಲೀಟರ್ ಇಳಿಯೋಕೆ ನಾಲ್ಕು ಗಂಟೆ ಚಿಲ್ರೆ. ಲ್ಯಾಬಿಗೆ ಬಂದೋರೆಲ್ಲಾ ಯಾರಿಗ್ ಸಾರ್ ಹುಷಾರಿಲ್ಲ ಅಂತ ಕೇಳೋರು.

ಡಿಸ್ಟಿಲ್ಡ್ ವಾಟರಿಗೆ ಲೀಟರಿಗೆ 10 ಮೈಕ್ರೋಗ್ರಾಂ ಸೀಸ ನಾವೇ ಹಾಕಿ ಇಳಿಸಿದ್ವಿ, ಡೈಲ್ಯೂಟ್ ನೈಟ್ರಿಕ್ ಆಸಿಡ್ 10 ಎಂಎಲ್ ಹಾಕಿ ಬಿಡಿಸಿದ್ವಿ, ಫ್ಲೇಮಿಗೆ ಹಾಕಿದ್ರೆ 97 ಪರ್ಸೆಂಟ್ ವಾಪಸ್. ಹುಡುಗ ಅವತ್ತೇ ಥೀಸಿಸ್ ಮುಗೀತು ಅನ್ನೋ ಖುಷೀಲಿ ಎಲ್ಲರಿಗೂ ಮದ್ದೂರು ವಡೆ ತಂದ. ಪ್ರಿಂಟಾದ ಎಷ್ಟೋ ಪೇಪರ್‌ಗಳೂ ಇಲ್ಲಿಗೇ ನಿಲ್ತವೆ, ಶುದ್ಧ ನೀರಲ್ಲಿ 97, 98, 99 ಅಂತ ಒಂದು ಟೇಬಲ್ಲು, ಮುಗೀತು. ನನಗೆ ಅದನ್ನ ಕಂಡ್ರೆ ಮೈ ಉರಿಯುತ್ತೆ, ಯಾಕಂದ್ರೆ ಡಿಸ್ಟಿಲ್ಡ್ ವಾಟರನ್ನ ಯಾವ ಮಗು ಕುಡಿಯುತ್ತೆ ಹೇಳಿ.

ಮಾರನೇ ದಿನ ಸ್ಕೂಲ್ ನೀರಲ್ಲೇ ಅದೇ ಕೆಲಸ. ಅದೇ ನೀರನ್ನ ಎರಡು ಬಾಟಲಿ ಮಾಡಿ ಒಂದಕ್ಕೆ ಸೀಸ ಹಾಕೋದು, ಇನ್ನೊಂದಕ್ಕೆ ಹಾಕ್ದೇ ಇರೋದು, ಎರಡರ ವ್ಯತ್ಯಾಸ ನೋಡೋದು. ಹಾಕಿದ್ದು 10, ಸಿಕ್ಕಿದ್ದು 4.1. ಮತ್ತೆ ಮಾಡಿದ್ವಿ, 3.8. ವಡೆ ದುಡ್ಡು ದಂಡ.

ಎರಡು ದಿನ ತಲೆ ಕೆಡಿಸ್ಕೊಂಡ್ವಿ. ಕಾಲಮ್ ಉದ್ದ ಮಾಡಿದ್ವಿ, ಹನಿ ನಿಧಾನ ಮಾಡಿದ್ವಿ, ಒಂದಿಷ್ಟು ಏರ್ತು ಅಷ್ಟೇ. ಕೊನೆಗೆ ಕಸ ಗುಡಿಸ್ತಾ ಇದ್ದ ನಮ್ಮ ಅಟೆಂಡರ್ ಅಣ್ಣ ಆ ಮೂಟೆ ಎತ್ತಿಡುವಾಗ ಗಟ್ಟಿಯಾಗಿ ಓದ್ಕೊಂಡ್ರು, "ಅಮೋನಿಯಾ ಹೀರುತ್ತದೆ". ನಾನೂ ಹುಡುಗನೂ ಮುಖ ಮುಖ ನೋಡ್ಕೊಂಡ್ವಿ. ನೀರಿನ ಸ್ಯಾಂಪಲ್‌ಗೆ ಮೊದಲು ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಡಬೇಕು, ಇಲ್ಲಾಂದ್ರೆ ಸೀಸ ಬಾಟಲಿ ಗೋಡೆಗೆ ಅಂಟ್ಕೊಳ್ಳುತ್ತೆ. ಆದ್ರೆ ಅಷ್ಟು ಹುಳಿ ನೀರಲ್ಲಿ ಹೈಡ್ರೋಜನ್ನೇ ಎಲ್ಲಾ ಸೀಟು ಹಿಡಿಯೋದ್ರಿಂದ ಜಿಯೊಲೈಟ್ ಸೀಸನ ಸರಿಯಾಗಿ ಹಿಡಿಯಲ್ಲ, ಅದಕ್ಕೆ ಕಾಲಮ್‌ಗೆ ಬಿಡೋ ಮುಂಚೆ ಪಿಎಚ್ 6ಕ್ಕೆ ತರ್ಬೇಕು. ನಾವು ತಂದಿದ್ದು ಅಮೋನಿಯಾ ಹಾಕಿ! ಲೀಟರಿಗೆ ಎರಡು ಎಂಎಲ್ ಗಟ್ಟಿ ಆಸಿಡ್ ಹಾಕಿದ್ದಕ್ಕೆ ಸರಿದೂಗ್ಸೋಕೆ ಹಾಕಿದ ಅಮೋನಿಯಾ ಆಸಿಡ್ ಜೊತೆ ಸೇರಿ ಅಮೋನಿಯಂ ಆಗಿ, 24 ಮಿಲಿಈಕ್ವಿವಲೆಂಟ್ ಹತ್ರ ಆಗುತ್ತೆ. ನಮ್ಮ ಮೂರು ಗ್ರಾಂ ಜಿಯೊಲೈಟಲ್ಲಿ ಇರೋ ಸೀಟು ಹೆಚ್ಚಂದ್ರೆ 6 ಮಿಲಿಈಕ್ವಿವಲೆಂಟ್. ಅಮೋನಿಯಂ ಅಂದ್ರೆ ಪ್ರಾಣ ಬಿಡೋ ಕಲ್ಲಿಗೆ ನಾವೇ ಹೊಟ್ಟೆ ತುಂಬ ಅಮೋನಿಯಂ ಬಡಿಸಿ ಸೀಸ ಯಾಕೆ ತಿನ್ನಲ್ಲ ಅಂತ ಬೈತಾ ಇದ್ವಿ. 1850ರಲ್ಲೇ ಇಂಗ್ಲೆಂಡಲ್ಲಿ ಥಾಂಪ್ಸನ್ ಅನ್ನೋ ರೈತ ಅಮೋನಿಯಂ ಸಲ್ಫೇಟ್ ಗೊಬ್ಬರದ ನೀರನ್ನ ಮಣ್ಣಿನ ಮೇಲೆ ಹುಯ್ದಾಗ ಕೆಳಗೆ ಕ್ಯಾಲ್ಸಿಯಂ ಸಲ್ಫೇಟ್ ಇಳಿದಿದ್ದನ್ನ ನೋಡಿ ಬರೆದಿಟ್ಟಿದ್ದ, ಅಯಾನ್ ಎಕ್ಸ್‌ಚೇಂಜ್, ಅಂದ್ರೆ ಹೀಗೆ ಒಂದನ್ನ ಬಿಟ್ಟು ಇನ್ನೊಂದನ್ನ ಹಿಡಿಯೋ ವಿದ್ಯೆ ಹುಟ್ಟಿದ್ದೇ ಹಾಗೆ. ಗದ್ದೆಗೆ ಯೂರಿಯಾ ಹಾಕೋ ಊರಲ್ಲಿ ಕೂತು ನಾವು ಅದನ್ನ ಮರೆತಿದ್ವಿ.

ಅಮೋನಿಯಾ ಬಿಟ್ಟು ಸೋಡಿಯಂ ಹೈಡ್ರಾಕ್ಸೈಡು, ಸೋಡಿಯಂ ಅಸಿಟೇಟು ಹಾಕಿ ನೋಡಿದ್ವಿ, ರಿಕವರಿ, ಅಂದ್ರೆ ಹಾಕಿದ ಸೀಸದಲ್ಲಿ ವಾಪಸ್ ಸಿಕ್ಕಿದ್ದು, 66 ಪರ್ಸೆಂಟಿಗೆ ಬಂತು. ಮೇಲೆ ಹೋಗ್ಲಿಲ್ಲ. ಈಗ ಅಡ್ಡ ಬಂದಿದ್ದು ನಮ್ಮ ಮಂಡ್ಯದ ನೀರೇ.

ಈ ಒಂದು ಲೆಕ್ಕ ಮಾತ್ರ ಪೂರ್ತಿ ಬರೀತೀನಿ, ಯಾಕಂದ್ರೆ ನನಗೇ ಇದು ಕಣ್ಣು ತೆರೆಸ್ತು. ಹಾರ್ಡ್‌ನೆಸ್ 500 ಮಿಲಿಗ್ರಾಂ ಅಂದ್ರೆ ಕ್ಯಾಲ್ಸಿಯಂ ಮೆಗ್ನೀಸಿಯಂ ಸೇರಿ ಲೀಟರಿಗೆ 10 ಮಿಲಿಈಕ್ವಿವಲೆಂಟ್. ಸೀಸ 10 ಮೈಕ್ರೋಗ್ರಾಂ ಅಂದ್ರೆ ಅದೇ ಅಳತೆಯಲ್ಲಿ ಹತ್ರ ಹತ್ರ 0.0001. ಒಂದು ಸೀಸಕ್ಕೆ ಒಂದು ಲಕ್ಷ ಕ್ಯಾಲ್ಸಿಯಂ, ಮೆಗ್ನೀಸಿಯಂ. ಜಿಯೊಲೈಟಿಗೆ ಕ್ಯಾಲ್ಸಿಯಮ್ಮಿಗಿಂತ ಸೀಸದ ಮೇಲೇ ಪ್ರೀತಿ ಜಾಸ್ತಿ, ಅದು ನಿಜ, ಆದ್ರೆ ಒಂದು ಲಕ್ಷ ಜನರ ಜಾತ್ರೇಲಿ ಒಬ್ಬ ನೆಂಟನ್ನ ಹುಡುಕಿ ಕೂರಿಸೋಕೆ ಎಷ್ಟು ಪ್ರೀತಿ ಇದ್ರೂ ಟೈಮ್ ಬೇಕಲ್ಲ, ನಿಮಿಷಕ್ಕೆ 80 ಹನೀಲಿ ಅದು ಆಗಲ್ಲ.

ಹಾಗಾಗಿ ಸೀಟು ಬೇಡ, ಕೊಕ್ಕೆ ಬೇಕು ಅಂತ ತೀರ್ಮಾನ ಆಯ್ತು. ಮ್ಯಾಂಗನೀಸ್ ಡೈಆಕ್ಸೈಡ್ ಅಂಥದ್ದು. ಅದರ ಮೈ ಮೇಲಿರೋ ಆಕ್ಸಿಜನ್ನು ಸೀಸದ ಜೊತೆ ಸೀದಾ ಬಾಂಡ್ ಮಾಡ್ಕೊಳ್ಳುತ್ತೆ, ಕ್ಯಾಲ್ಸಿಯಂ ಬಂದ್ರೆ ಸುಮ್ನೆ ಸಡಿಲವಾಗಿ ಪಕ್ಕದಲ್ಲಿ ನಿಂತಿರುತ್ತೆ. ಪಿಎಚ್ 2-3ರ ಮೇಲೆ ಅದರ ಮೈಗೆ ಮೈನಸ್ ಚಾರ್ಜ್ ಬಂದ್ಬಿಡುತ್ತೆ, ಅಲ್ಯೂಮಿನಾ ಥರ 8-9 ತನಕ ಕಾಯಲ್ಲ, ಹಾಗಾಗಿ ನಮ್ಮ 6ರಲ್ಲಿ ಆರಾಮಾಗಿ ಕೆಲಸ ಮಾಡುತ್ತೆ. ಸಮುದ್ರದ ತಳದಲ್ಲಿ ಮ್ಯಾಂಗನೀಸ್ ಉಂಡೆಗಳು ಸಿಗ್ತವಲ್ಲ, ನಿಕ್ಕಲ್ಲು ಕೋಬಾಲ್ಟು ತಾಮ್ರ ಎಲ್ಲಾ ತುಂಬ್ಕೊಂಡು ಕೂತಿರ್ತವೆ, ಉಪ್ಪು ನೀರಲ್ಲೇ ಅಷ್ಟು ಹಿಡಿದಿದೆ ಅಂದ್ಮೇಲೆ ಬೋರ್ ನೀರು ಯಾವ ಲೆಕ್ಕ.

ಮಾಡೋದು ಕಷ್ಟ ಏನಲ್ಲ. ಅದೇ ಜಿಯೊಲೈಟನ್ನ ಮ್ಯಾಂಗನೀಸ್ ಸಲ್ಫೇಟ್ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು, ಪೊಟ್ಯಾಶಿಯಂ ಪರ್ಮಾಂಗನೇಟ್ ನೀರು ಹಾಕಿ ಬೆಚ್ಚಗೆ ಮಾಡಿದ್ರೆ ಆಯ್ತು. ಆ ನೇರಳೆ ಹರಳು, ಹಿಂದೆ ಬಾವಿಗೆ ಹಾಕ್ತಿದ್ರಲ್ಲ ಅದೇ. ತಿಳಿ ಕೆನೆ ಬಣ್ಣದ ರವೆ ಕಣ್ಣ ಮುಂದೇನೇ ಕಾಫಿ ಪುಡಿ ಬಣ್ಣಕ್ಕೆ ತಿರುಗುತ್ತೆ, ಒಂದೊಂದು ಕಾಳಿನ ಸಂದಿಯಲ್ಲೂ ಮ್ಯಾಂಗನೀಸ್ ಡೈಆಕ್ಸೈಡ್ ಹುಟ್ಟಿ ಕೂತಿರುತ್ತೆ. ತೊಳೆದ ನೀರಲ್ಲಿ ನೇರಳೆ ಬಣ್ಣ ಹೋಗೋ ತನಕ ತೊಳೀಬೇಕು, ಅಷ್ಟು ತಾಳ್ಮೆ ಇರ್ಬೇಕು.

ಸ್ಕೂಲ್ ನೀರಲ್ಲೇ ರಿಕವರಿ 94. ಮೂರು ಸಲ ಮಾಡಿದ್ವಿ, 92, 94, 95. ಈ ಸಲ ಯಾರೂ ವಡೆ ತರ್ಲಿಲ್ಲ.

ಬಿಡಿಸೋದೇ ಇಲ್ಲಿ ಸ್ವಲ್ಪ ಬೇರೆ. ಕೊಕ್ಕೆ ಅಷ್ಟು ಗಟ್ಟಿ ಅಂದ್ಮೇಲೆ ಬರೀ ಆಸಿಡ್ಡಿಗೆ ಸೀಸ ಪೂರ್ತಿ ಬಿಟ್ಟು ಬರಲ್ಲ. ಡೈಲ್ಯೂಟ್ ನೈಟ್ರಿಕ್‌ಗೆ ಸ್ವಲ್ಪ ಹೈಡ್ರಾಕ್ಸಿಲಮೀನ್ ಹೈಡ್ರೋಕ್ಲೋರೈಡ್ ಸೇರಿಸಿ ಹಾಕ್ಬೇಕು, ಅದು ಮ್ಯಾಂಗನೀಸ್ ಡೈಆಕ್ಸೈಡನ್ನೇ ಕರಗಿಸಿಬಿಡುತ್ತೆ, ಮನೇನೇ ಬಿದ್ಮೇಲೆ ಬಾಡಿಗೆದಾರ ಹೊರಗೆ ಬರ್ಲೇಬೇಕಲ್ಲ. ಡೈಲ್ಯೂಟ್ ಅಂದ್ರೆ ಡೈಲ್ಯೂಟೇ, ಗಟ್ಟಿ ನೈಟ್ರಿಕ್‌ಗೆ ಹೈಡ್ರಾಕ್ಸಿಲಮೀನ್ ಸೇರಿಸೋ ಸಾಹಸ ಯಾರೂ ಮಾಡ್ಬೇಡಿ, ಸಿಡಿಯೋ ಚಾನ್ಸ್ ಇರುತ್ತೆ. ಕಾಲಮ್ ಮೇಲಿಂದ ಕೆಳಕ್ಕೆ ಕಪ್ಪು ಹೋಗಿ ಬಿಳಿ ಇಳೀತಾ ಬರೋದು ನೋಡೋಕೆ ಚೆಂದ, ಬೆಳ್ಳಗಾಗೋದು ತಳ ಮುಟ್ಟಿದ್ರೆ ಕೆಲಸ ಮುಗೀತು ಅಂತ ಅರ್ಥ, ಟೈಮರ್ ಕೂಡ ಬೇಡ. ಆದ್ರೆ ಕರಗಿದ ಮ್ಯಾಂಗನೀಸೆಲ್ಲಾ ಆ ಹತ್ತು ಎಂಎಲ್‌ನಲ್ಲೇ ಇರುತ್ತೆ, ಫ್ಲೇಮಲ್ಲಿ ಅದು ಬೆಳಕನ್ನ ಮಸುಕು ಮಾಡಿ ಸುಳ್ಳು ರೀಡಿಂಗ್ ಕೊಡುತ್ತೆ. ಸೀಸ ಹೀರೋ ಬೆಳಕಿನ ಅಲೆಗಳಲ್ಲಿ 217 ನ್ಯಾನೋಮೀಟರ್ ಲೈನು ಸೂಕ್ಷ್ಮ ನಿಜ, ಗಲಾಟೆನೂ ಜಾಸ್ತಿ, ನಾವು 283.3 ಲೈನ್ ಇಟ್ಕೊಂಡು ಆ ಮಸುಕನ್ನ ಲೆಕ್ಕದಿಂದ ಕಳೆಯೋ ಡ್ಯೂಟೀರಿಯಂ ಲ್ಯಾಂಪ್ ಆನ್ ಮಾಡಿ, ಸ್ಟ್ಯಾಂಡರ್ಡ್ ಸಲ್ಯೂಷನ್‌ಗಳಿಗೂ ಅಷ್ಟೇ ಮ್ಯಾಂಗನೀಸ್ ಬೆರೆಸಿ ಓದಿದ್ವಿ.

ಈಗ ಬ್ಲ್ಯಾಂಕಿನ ವಿಷಯಕ್ಕೆ ಬರ್ತೀನಿ, ಈ ಇಡೀ ಕೇಸಲ್ಲಿ ನಮ್ಮ ಅರ್ಧ ಆಯಸ್ಸು ತಿಂದಿದ್ದು ಅದೇ. ಬ್ಲ್ಯಾಂಕ್ ಅಂದ್ರೆ ಸೀಸ ಇಲ್ದೇ ಇರೋ ಒಂದು ಲೀಟರ್ ನೀರಿಗೆ ಇದೇ ಎಲ್ಲಾ ಶಾಸ್ತ್ರ ಮಾಡಿ ಎಷ್ಟು ಬರುತ್ತೆ ನೋಡೋದು, ಸೊನ್ನೆ ಬರ್ಬೇಕು. ನಮಗೆ ಬಂದಿದ್ದು 6 ಮೈಕ್ರೋಗ್ರಾಂ. ಅಳೀಬೇಕಾಗಿರೋ ಮಿತಿ 10, ನಮ್ಮ ಕೈಯಿಂದಲೇ 6 ಸೇರ್ತಿದೆ ಅಂದ್ರೆ ಇನ್ನೇನು ಅಳೆಯೋದು. ಜಿಯೊಲೈಟ್ ಭೂಮಿಯಿಂದ ಅಗೆದ ಕಲ್ಲು, ಸೀಸ ಹಿಡಿಯೋ ಕಲ್ಲು ಅಂದ್ಮೇಲೆ ಲಕ್ಷಾಂತರ ವರ್ಷ ಮಣ್ಣಲ್ಲಿದ್ದಾಗ ಸುಮ್ನೆ ಇರುತ್ತಾ, ಅಲ್ಲೇ ಒಂದಿಷ್ಟು ಹಿಡಿದು ತಂದಿರುತ್ತೆ. ಕೋಟಿಂಗ್‌ಗೆ ಮುಂಚೆ ಜಿಯೊಲೈಟನ್ನ ಡೈಲ್ಯೂಟ್ ನೈಟ್ರಿಕ್‌ನಲ್ಲಿ ಮೂರು ಸಲ ಕುದಿಸಿ ತೊಳೆದ ಮೇಲೆ 1ರ ಕೆಳಗೆ ಇಳೀತು. ಮೆಡಿಕಲ್ ಶಾಪಿನ ಪರ್ಮಾಂಗನೇಟ್ ಬಿಟ್ಟು ಲ್ಯಾಬಿಗೆ ಅಂತಲೇ ಬರೋ ಶುದ್ಧವಾದ ಎಆರ್ ಗ್ರೇಡಿಂದು ತಂದ್ವಿ. ಸರಿ ಹೋಯ್ತು ಅಂದ್ಕೊಂಡ್ವಿ.

ದಸರಾ ರಜೆ ಮುಗ್ಸಿ ಬಂದು ಮೊದಲ ಬ್ಲ್ಯಾಂಕ್ ಹಾಕಿದ್ರೆ 11. ಮತ್ತೆ ಹಾಕಿದ್ರೆ 3. ಮತ್ತೆ 17. ಹೀಗೆ ಕುಣಿಯೋ ಬ್ಲ್ಯಾಂಕನ್ನ ನಾನು ನನ್ನ ಸರ್ವಿಸಲ್ಲಿ ನೋಡಿರ್ಲಿಲ್ಲ. ಆಸಿಡ್ ಬಾಟಲಿ ಬದಲಾಯಿಸಿದ್ವಿ, ಡಿಸ್ಟಿಲ್ಡ್ ವಾಟರ್ ಬದಲಾಯಿಸಿದ್ವಿ, ಸಿರಿಂಜ್ ಹೊಸದು ಹಾಕಿದ್ವಿ, ಏನಿಲ್ಲ. ಆಮೇಲೆ ಒಂದು ದಿನ ಬಿಸಿಲು ಓರೆಯಾಗಿ ಬಿದ್ದಾಗ ಡ್ರಿಪ್ ಸ್ಟ್ಯಾಂಡಿನ ಕಂಬದ ಮೇಲೆ ಕೆಂಪಗೆ ಏನೋ ಕಾಣ್ತು. ಆಯುಧಪೂಜೆ! ನಮ್ಮ ಅಟೆಂಡರ್ ಅಣ್ಣ ಭಕ್ತಿಯಿಂದ ಎಎಎಸ್ಸಿಗೆ, ತಕ್ಕಡಿಗೆ, ಓವನ್ನಿಗೆ, ಡ್ರಿಪ್ ಸ್ಟ್ಯಾಂಡಿಗೂ ವಿಭೂತಿ ಬಳಿದು ಕುಂಕುಮ ಇಟ್ಟು ಚೆಂಡು ಹೂವಿನ ಹಾರ ಹಾಕಿದ್ರು. ಒಳ್ಳೇ ಕುಂಕುಮ ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡೋದು, ಅದರಲ್ಲಿ ಸೀಸ ಇರೋ ಮಾತೇ ಇಲ್ಲ, ಆದ್ರೆ ಆ ಕೇಸರಿ ಮಿಶ್ರಿತ ಕೆಂಪು ಪುಡಿ ಸಂತೇಲಿ ತೂಕಕ್ಕೆ ತಂದಿದ್ದು. ಒಂದು ಚಿಟಿಕೆ ಆಸಿಡ್‌ನಲ್ಲಿ ಕರಗಿಸಿ ಫ್ಲೇಮಿಗೆ ಹಾಕಿದ್ರೆ ಕಾಲಮ್ಮೂ ಬೇಡ ಏನೂ ಬೇಡ, ಸೀಸದ ರೀಡಿಂಗ್ ಸ್ಕೇಲ್ ದಾಟಿ ಹೋಯ್ತು. ಫ್ಯಾನ್ ಹಾಕಿದಾಗ ಕಂಬದಿಂದ ಒಂದೊಂದು ಕಣ ಬಾಟಲಿಗೆ ಬೀಳ್ತಾ ಇತ್ತು, ಬಿದ್ದ ದಿನ 17, ಬೀಳದ ದಿನ 3. ಅಣ್ಣ ಪಾಪ ಸಪ್ಪಗಾದ್ರು, "ದೇವ್ರ ಕಾರ್ಯ ಅಂತ ಮಾಡ್ದೆ ಸಾರ್" ಅಂದ್ರು. ಬೈಯೋಕೆ ಮನಸ್ಸೂ ಬರ್ಲಿಲ್ಲ. ಇಡೀ ರೂಮನ್ನ ಒದ್ದೆ ಬಟ್ಟೇಲಿ ಮೂರು ದಿನ ಒರೆಸಿದ್ವಿ, ಕಾಲಮ್ ಬಾಯಿಗೆಲ್ಲಾ ಪ್ಲಾಸ್ಟಿಕ್ ಕವರ್ ಕಟ್ಟಿದ್ವಿ.

ಆಮೇಲೆ ಏಳು ಬ್ಲ್ಯಾಂಕ್ ಹಾಕಿದ್ವಿ, ಸರಾಸರಿ 0.8, ಅದರ ಏರಿಳಿತ 0.4. ಈ ಏರಿಳಿತದ ಹತ್ತು ಪಟ್ಟು, ಅಂದ್ರೆ 4 ಮೈಕ್ರೋಗ್ರಾಂ, ಅದರಿಂದ ಮೇಲಿದ್ರೆ ನಂಬರ್ ಕೊಡೋಣ, ಕೆಳಗಿದ್ರೆ 4ಕ್ಕಿಂತ ಕಡಿಮೆ ಅಂತ ಬರೆಯೋಣ ಅಂತ ನಿರ್ಧಾರ ಮಾಡಿದ್ವಿ. ಮಿತಿ 10 ಇರೋದ್ರಿಂದ ಇಷ್ಟು ಸಾಕು.

ಅಧ್ಯಕ್ಷರಿಗೆ ಫೋನ್ ಮಾಡಿ ಈ ಸಲ ನೀರು ನಾವೇ ಬಂದು ಹಿಡೀತೀವಿ ಅಂದ್ವಿ. ಹಿಂದಿನ ಸಲದ ಬಾಟಲೀಲಿ ಆಸಿಡ್ ಇರ್ಲಿಲ್ಲ, ಎರಡು ದಿನ ಮನೇಲಿ ಇಟ್ಟು ತಂದಿದ್ರು, ಒಳಗೋಡೆಗೆ ಸುಣ್ಣದ ಪೊರೆ ಕಟ್ಟಿತ್ತು, ಇದ್ದಬದ್ದ ಸೀಸ ಅದರಲ್ಲೇ ಕೂತಿರೋ ಸಾಧ್ಯತೆ. ಅದೂ ಅಲ್ದೆ ಅವರು ಹಿಡಿದಿದ್ದು ಮಧ್ಯಾಹ್ನ ಊಟದ ಹೊತ್ತಲ್ಲಿ, ಇನ್ನೂರು ಮಕ್ಕಳು ತಟ್ಟೆ ತೊಳೆದು ನಲ್ಲಿ ಹರಿಸಿ ಆದ್ಮೇಲೆ. ಪೈಪಿಂದಲೋ ನಲ್ಲಿಯಿಂದಲೋ ಸೀಸ ಬರ್ತಿದ್ರೆ ಅದು ನಿಂತ ನೀರಲ್ಲಿ ಸಿಗುತ್ತೆ, ಹರಿಯೋ ನೀರಲ್ಲಲ್ಲ. ಶನಿವಾರ ಮಧ್ಯಾಹ್ನ ಸ್ಕೂಲ್ ಬಿಟ್ಟ ಮೇಲೆ ಯಾರೂ ನಲ್ಲಿ ಮುಟ್ಟಬಾರದು ಅಂತ ಅಧ್ಯಕ್ಷರೇ ನಲ್ಲಿಗಳಿಗೆ ಗೋಣಿಚೀಲ ಕಟ್ಟಿದ್ರು, ಭಾನುವಾರ ಕ್ರಿಕೆಟ್ ಆಡೋಕೆ ಬಂದ ಹುಡುಗರನ್ನ "ನೀರ್ ಬೇಕಾದ್ರೆ ಮನೇಗ್ ಹೋಗ್ರುಲಾ" ಅಂತ ಓಡಿಸಿದ್ರಂತೆ. ಸೋಮವಾರ ಬೆಳಿಗ್ಗೆ ಆರೂವರೆಗೆ ನಾವು ಅಲ್ಲಿ.

ಆ ಸಾಲಲ್ಲಿ ಆರು ನಲ್ಲಿ, ನಾಲ್ಕು ಹಿತ್ತಾಳೇದು, ಕೊನೇ ಎರಡು ಪ್ಲಾಸ್ಟಿಕ್, ದುಡ್ಡು ಸಾಲದೆ ಹಾಕಿದ್ದು. ಮೊದಲ ಹಿತ್ತಾಳೆ ನಲ್ಲಿಯಿಂದ ತಿರುಗಿಸಿದ ತಕ್ಷಣ ಬಂದ ಒಂದು ಲೀಟರ್: 23 ಮೈಕ್ರೋಗ್ರಾಂ. ಐದು ನಿಮಿಷ ಹರಿಸಿ ಹಿಡಿದಿದ್ದು: 5. ಅದೇ ಲೈನಿನ ಪ್ಲಾಸ್ಟಿಕ್ ನಲ್ಲಿಯ ಮೊದಲ ನೀರು: 4ಕ್ಕಿಂತ ಕಡಿಮೆ. ಟ್ಯಾಂಕಿಂದು, ಬೋರ್‌ವೆಲ್ ಬಾಯಿಂದು, ಎರಡೂ 4ಕ್ಕಿಂತ ಕಡಿಮೆ. ಉಳಿದ ಮೂರು ಹಿತ್ತಾಳೆ ನಲ್ಲಿಗಳು 14ರಿಂದ 19ರ ಒಳಗೆ.

ಹಾಗಾದ್ರೆ ಮೇಡಮ್ಮು ಅನುಮಾನ ಪಟ್ಟ ಪಿವಿಸಿ ಪೈಪು ಈ ಕೇಸಲ್ಲಿ ನಿರಪರಾಧಿ, ಅದೇ ಪೈಪಿನ ನೀರೇ ಪ್ಲಾಸ್ಟಿಕ್ ನಲ್ಲೀಲಿ ಚೆನ್ನಾಗಿ ಬರ್ತಿತ್ತಲ್ಲ. ತಪ್ಪು ನಲ್ಲಿದು. ಹಿತ್ತಾಳೆ ಅಂದ್ರೆ ತಾಮ್ರ ಸತು, ಲೇತಲ್ಲಿ ಸುಲಭವಾಗಿ ಕಡಿಯೋಕೆ ಬರ್ಲಿ ಅಂತ ಅದಕ್ಕೆ ಎರಡು ಮೂರು ಪರ್ಸೆಂಟ್ ಸೀಸ ಸೇರಿಸೋದು ಮಾಮೂಲು. ಇದಕ್ಕೆ ಇನ್ನೊಂದು ಸಾಕ್ಷಿನೂ ಸಿಕ್ತು, ಆ 23 ಬಂದ ನೀರಲ್ಲಿ ತಾಮ್ರ, ಸತು ನೇರವಾಗಿ ಫ್ಲೇಮಲ್ಲೇ ಕಾಣ್ತು, ಬೋರ್ ನೀರಿಗಿಂತ ಎಷ್ಟೋ ಪಟ್ಟು ಜಾಸ್ತಿ. ತಾಮ್ರ ಸತು ಸೀಸ ಮೂರೂ ಒಟ್ಟಿಗೆ ಏರಿ, ಹರಿಸಿದ ಮೇಲೆ ಮೂರೂ ಒಟ್ಟಿಗೆ ಇಳಿದ್ರೆ ಅದು ಹಿತ್ತಾಳೆ ಹೆಜ್ಜೆ ಗುರುತು. ನಮ್ಮಜ್ಜಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕ್ಸದೆ ಸಾರು ಮಾಡ್ತಿರ್ಲಿಲ್ಲ, ಕಲಾಯಿಯವನು ಬಂದ್ರೂ ತವರಕ್ಕೆ ಸೀಸ ಬೆರೆಸಿದ್ದೀಯೇನೋ ಅಂತ ಜಗಳ ತೆಗೀತಿದ್ರು. ನಲ್ಲಿಗೆ ಕಲಾಯಿ ಹಾಕೋರು ಯಾರು.

23ನ್ನ ನಾವು ಹಾಗೇ ನಂಬ್ಲಿಲ್ಲ, ನಲ್ಲಿ ನೀರಿಂದೊಂದು, ಬೋರ್ ನೀರಿಂದೊಂದು, ಎರಡು ಸ್ಯಾಂಪಲ್ ಬೆಂಗಳೂರಿಗೆ ಐಸಿಪಿ-ಎಂಎಸ್‌ಗೆ ಕಳಿಸಿದ್ವಿ, ಹೆಸರು ಹೇಳದೆ ಬರೀ ನಂಬರ್ ಹಾಕಿ. ನಲ್ಲಿದು 24.1 ಬಂತು, ಬೋರ್‌ದು 1.1. ನಮ್ಮದು 94 ಪರ್ಸೆಂಟ್ ರಿಕವರಿ ಅಂತ ಇಟ್ಕೊಂಡ್ರೆ ಸ್ವಲ್ಪ ಕಡಿಮೆ ಓದೋದೇ ಸಹಜ. ಅವತ್ತು ರಾತ್ರಿ ನಿದ್ದೆ ಚೆನ್ನಾಗಿ ಬಂತು.

ರಿಪೋರ್ಟ್ ತಗೊಂಡು ಹೋದಾಗ ಹೆಡ್‌ಮಿಸ್ಟ್ರೆಸ್ಸು ಸ್ವಲ್ಪ ಗಾಬರಿ ಆದ್ರು, ಮಕ್ಕಳಿಗೆ ಏನಾದ್ರೂ ಆಗಿರುತ್ತಾ ಅಂತ. ಸೀಸಕ್ಕೆ ಇಷ್ಟು ಇದ್ರೆ ಪರವಾಗಿಲ್ಲ ಅನ್ನೋ ಮಟ್ಟವೇ ಇಲ್ಲ, ಮಕ್ಕಳ ಮಿದುಳಿಗೆ ಅದು ಒಳ್ಳೇದಲ್ಲ, ಆದ್ರೆ ದಿನದ ಮೊದಲ ನೀರು ಬಿಟ್ರೆ ಉಳಿದದ್ದು ಮಿತಿಯೊಳಗೇ ಇತ್ತು, ಮೊದಲು ನಲ್ಲಿ ಬದಲಾಯಿಸಿ, ಅನುಮಾನ ಇದ್ದೋರು ಡಾಕ್ಟರ್ ಹತ್ರ ರಕ್ತ ಪರೀಕ್ಷೆ ಕೇಳಿ ಅಂತ ಹೇಳಿದ್ವಿ. ಅಧ್ಯಕ್ಷರು ಅಷ್ಟೊತ್ತಿಗೆ ಪಾನಾ ತಂದು ಮೊದಲನೇ ನಲ್ಲಿ ಬಿಚ್ತಾ ಇದ್ರು. ಹಿಂದೇನೇ "ದುಡ್ ಹಾಕ್ದೋರ್ ಏನಂತಾರೋ, ಒಳ್ಳೇ ಭಾರದ್ ನಲ್ಲಿ ಅಂತ ಹುಡ್ಕಿ ತಂದಿದ್ವಿ ಕಣ್ ಸಾ" ಅಂತ ಬೇಜಾರೂ ಮಾಡ್ಕೊಂಡ್ರು. ನಾಲ್ಕೂ ನಲ್ಲಿ ಗುಜರಿಗೆ ಹೋದ್ವು, ಆ ದುಡ್ಡಿಗೆ ಪ್ಲಾಸ್ಟಿಕ್ ನಲ್ಲಿ ಬಂದು ಇನ್ನೂ ಚಿಲ್ರೆ ಉಳೀತಂತೆ. ಎರಡು ವಾರ ಬಿಟ್ಟು ಇನ್ನೊಂದು ಸೋಮವಾರ ಬೆಳಿಗ್ಗೆ ಹೋಗಿ ಆರೂ ನಲ್ಲಿಯ ಮೊದಲ ನೀರು ಹಿಡಿದ್ವಿ, ಆರೂ 4ಕ್ಕಿಂತ ಕಡಿಮೆ.

ಇದೇ ಕಾಲಮಲ್ಲಿ ಕ್ಯಾಡ್ಮಿಯಮ್ಮೂ ಅಳೆಯೋಣ ಅಂತ ಹುಡುಗ ಈಗ ಕೂತಿದ್ದಾನೆ. ಅದರ ಮಿತಿ ಇನ್ನೂ ಕಡಿಮೆ, 3 ಮೈಕ್ರೋಗ್ರಾಂ. ಮಂಡ್ಯ ನೀರಲ್ಲಿ ಅದರ ರಿಕವರಿ 71 ದಾಟ್ತಾ ಇಲ್ಲ, ಕ್ಯಾಡ್ಮಿಯಂ ಸೀಸದಷ್ಟು ಗಟ್ಟಿಯಾಗಿ ಕೊಕ್ಕೆಗೆ ಸಿಗಲ್ಲ. ಅದಕ್ಕೆ ಸದ್ಯಕ್ಕೆ ರಿಪೋರ್ಟಲ್ಲಿ ಕ್ಯಾಡ್ಮಿಯಂ ಸಾಲನ್ನೇ ತೆಗೆದಿದ್ದೀವಿ, ಸೀಸದ ಸಾಲಲ್ಲಿ ಬಿಡಿಎಲ್ ಅನ್ನೋದನ್ನ ಹೊಡೆದು "4ಕ್ಕಿಂತ ಕಡಿಮೆ, ಮಿತಿ 10" ಅಂತ ಬರೀತಿದ್ದೀವಿ.